ಕಲ್ಯಾಣದ ಸ್ತ್ರೀಧನ ಮತ್ತು ಮನೆಯೊಳಗಿನ ಬಂದೂಕು

ಬಸವಕಲ್ಯಾಣದ ಕೋಟೆಯನ್ನು ನೋಡಲು ಬರುವವರಿಗೆ ಅಲ್ಲಿನ ತೋಪುಗಳನ್ನು ತೋರಿಸುವುದು ವಾಡಿಕೆ. ಆ ತೋಪುಗಳ ಬಳಿ ನಿಂತಾಗಲೆಲ್ಲ ನನಗೆ ನೆನಪಾಗುವುದು ಅವುಗಳಿಗಿಂತ ಎಷ್ಟೋ ಶತಮಾನ ಹಿಂದಿನ ಒಂದು ಗ್ರಂಥ. ಆರನೆಯ ವಿಕ್ರಮಾದಿತ್ಯನು (ಕ್ರಿ.ಶ. 1076–1126) ಕಲ್ಯಾಣದಿಂದ ರಾಜ್ಯವಾಳುತ್ತಿದ್ದಾಗ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ರಚಿಸಿದನು. ಆಂಗ್ಲರ ಆಡಳಿತದಲ್ಲಿಯೂ ಅನಂತರವೂ ಹಿಂದೂ ದಾಯಭಾಗದ ವ್ಯಾಜ್ಯಗಳಲ್ಲಿ ದೇಶದ ಬಹುಭಾಗದ ನ್ಯಾಯಾಲಯಗಳು ಆ ಗ್ರಂಥವನ್ನೇ ಆಶ್ರಯಿಸಿದವು. ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿಯ ದೇವಾಲಯದ ಭಿತ್ತಿಯಲ್ಲಿ ಅದೇ ವಿಕ್ರಮಾದಿತ್ಯನ ಪ್ರಶಸ್ತಿಯನ್ನು ಬರೆಯುತ್ತಿರುವ ಸ್ತ್ರೀಯೊಬ್ಬಳ ಶಿಲ್ಪವಿದೆ. ಸ್ತ್ರೀಯ ಕೈಗೆ ಲೇಖನಿಯನ್ನು ಕೊಡಲು ಆ ಕಾಲದ ಶಿಲ್ಪಿಗೆ ಸಂಕೋಚವೆನಿಸಿರಲಿಲ್ಲ.

ಮಿತಾಕ್ಷರದಲ್ಲಿ ಪ್ರಸ್ತುತ ವಿಷಯಕ್ಕೆ ಸಂಬಂಧಿಸಿದುದು ಸ್ತ್ರೀಧನದ ಪ್ರಕರಣ. ತಂದೆ, ತಾಯಿ, ಪತಿ, ಸಹೋದರರು ಕೊಟ್ಟುದು, ವಿವಾಹಾಗ್ನಿಯ ಸಮ್ಮುಖದಲ್ಲಿ ದೊರೆತುದು ಎಂದು ಮೂಲಸ್ಮೃತಿಯು ಎಣಿಸಿ, ಕೊನೆಯಲ್ಲಿ 'ಮೊದಲಾದುದು' ಎಂಬರ್ಥದ ಒಂದು ಪದವನ್ನಿಟ್ಟಿದೆ. ವಿಜ್ಞಾನೇಶ್ವರನು ಆ ಒಂದು ಪದವನ್ನು ಹಿಡಿದು, ದಾಯವಾಗಿ ಬಂದುದು, ಕ್ರಯಕ್ಕೆ ಪಡೆದುದು, ವಿಭಾಗದಲ್ಲಿ ದೊರೆತುದು ಸಹ ಸ್ತ್ರೀಧನವೇ ಎಂದು ವ್ಯಾಖ್ಯಾನಿಸಿದನು. ಅವನನ್ನು ಇಂದಿನ ಅರ್ಥದಲ್ಲಿ ಸ್ತ್ರೀಪಕ್ಷಪಾತಿಯೆಂದು ಕರೆಯುವುದು ಅತಿಶಯೋಕ್ತಿಯಾದೀತು. ದುರ್ಭಿಕ್ಷದಲ್ಲಿಯೂ ರೋಗದಲ್ಲಿಯೂ ಪತಿಯು ತೆಗೆದುಕೊಂಡ ಸ್ತ್ರೀಧನವನ್ನು ಹಿಂದಿರುಗಿಸಬೇಕಾಗಿಲ್ಲವೆಂಬ ಮಾತು ಅದೇ ಪ್ರಕರಣದಲ್ಲಿದೆ. ಆದರೂ ಮನೆಯೊಳಗಿರುವುದೆಲ್ಲ ಯಜಮಾನನದೇ ಎಂಬ ಭಾವನೆಗೆ ಶಾಸ್ತ್ರವೇ ಹಾಕಿದ ಒಂದು ಎಲ್ಲೆ ಅದಾಗಿತ್ತು.

ಈ ಪ್ರಾಚೀನ ಪದವು ನಮ್ಮ ಕಾಲದ ಶಾಸನವೊಂದರಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಅಧಿನಿಯಮವು 2005ರಲ್ಲಿ ಅಂಗೀಕೃತವಾಗಿ, 2006ರ ಅಕ್ಟೋಬರ್ 26ರಿಂದ ಜಾರಿಗೆ ಬಂದಿತು. ಪೀಡಿತಳಿಗೆ ಅವಳ ಸ್ತ್ರೀಧನವನ್ನು ಹಿಂದಿರುಗಿಸುವಂತೆ ಆಜ್ಞಾಪಿಸುವ ಅಧಿಕಾರವನ್ನು ಅದರ 19ನೆಯ ಪ್ರಕರಣವು ದಂಡಾಧಿಕಾರಿಗೆ ಕೊಟ್ಟಿದೆ. ಅಧಿನಿಯಮದೊಡನೆ ಬಂದ ನಿಯಮಾವಳಿಯ 10ನೆಯ ನಿಯಮವು, ದಂಡಾಧಿಕಾರಿಯು ಲಿಖಿತವಾಗಿ ನಿರ್ದೇಶಿಸಿದಲ್ಲಿ ಸಂರಕ್ಷಣಾಧಿಕಾರಿಯು ಮಾಡಬೇಕಾದ ಕಾರ್ಯಗಳನ್ನು ಹೇಳುತ್ತದೆ. ಆಭರಣ, ಉಡುಗೊರೆಗಳನ್ನು ಅವಳ ವಶಕ್ಕೆ ಮರಳಿಸುವುದು ಅವುಗಳಲ್ಲೊಂದು. ಅದೇ ನಿಯಮದ ಕೊನೆಯಲ್ಲಿ, ವಕೀಲರಲ್ಲಿಯೂ ಅನೇಕರ ಕಣ್ಣಿಗೆ ಬೀಳದ ಇನ್ನೊಂದು ಮಾತಿದೆ: ಹಿಂಸೆಯಲ್ಲಿ ಬಳಕೆಯಾದ ಆಯುಧವನ್ನು ಅವಶ್ಯವಿದ್ದಲ್ಲಿ ಪೊಲೀಸರ ನೆರವಿನಿಂದ ವಶಪಡಿಸಿಕೊಳ್ಳುವುದು.

ಆ ಆಯುಧವು ಪರವಾನಗಿಯುಳ್ಳ ಬಂದೂಕಾಗಿದ್ದರೆ? ಇಲ್ಲಿ ನಾವು ಬೇರೊಂದು ಶಾಸನದ ಇತಿಹಾಸವನ್ನು ಪ್ರವೇಶಿಸಬೇಕಾಗುತ್ತದೆ.

ಲಾರ್ಡ್ ಲಿಟ್ಟನ್ನನ ಕಾಲದ 1878ರ ಆಯುಧ ಕಾಯಿದೆಯ ಉದ್ದೇಶ ಪ್ರಜೆಗಳಿಂದ ಪ್ರಭುಗಳನ್ನು ರಕ್ಷಿಸುವುದಾಗಿತ್ತು. ಆಳುವ ಜನಾಂಗದವರಿಗೆ ರಿಯಾಯಿತಿ, ಆಳಿಸಿಕೊಳ್ಳುವವರಿಗೆ ನಿರ್ಬಂಧ. ಆದುದರಿಂದಲೇ ಬಂದೂಕಿನ ಹಕ್ಕು ನಮ್ಮ ಹಿರಿಯರಿಗೆ ಸ್ವಾಭಿಮಾನದ ಪ್ರಶ್ನೆಯಾಯಿತು. ನಿಜಾಮನ ಆಳ್ವಿಕೆಯಲ್ಲಿದ್ದ ಬೀದರ ಸೀಮೆಗೆ ಇದಕ್ಕೆ ಮತ್ತೊಂದು ಕಾರಣವೂ ಇತ್ತು. 1948ರಲ್ಲಿ ಬಸವಕಲ್ಯಾಣದ ಸಮೀಪದ ಗೋರಟಾ ಗ್ರಾಮದಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡವನ್ನು ಕೇಳಿ ಬೆಳೆದ ಪೀಳಿಗೆಗೆ, ಬಾಗಿಲ ಹಿಂದಿನ ಬಂದೂಕು ಮನೆಯವರೆಲ್ಲರ ಅಭಯವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಆ ಅಭಯವು ಮನೆಯವಳಿಗೆ ಭಯವಾಗಬಹುದೆಂಬ ಯೋಚನೆಗೆ ಆಗ ಅವಕಾಶವೇ ಇರಲಿಲ್ಲ.

ಸ್ವತಂತ್ರ ಭಾರತದ 1959ರ ಆಯುಧ ಅಧಿನಿಯಮವು 1962ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿತು. ಪೂರ್ವವೃತ್ತಾಂತದ ವಿಚಾರಣೆ ಅದರ ಜೀವಾಳ. ಅರ್ಜಿಯು ಬಂದೊಡನೆ ಸಮೀಪದ ಪೊಲೀಸ್ ಠಾಣಾಧಿಕಾರಿಯ ವರದಿಯನ್ನು ತರಿಸಿಕೊಳ್ಳಬೇಕು. ಹಿಂಸೆಯ ಅಥವಾ ನೈತಿಕ ಅಧಃಪತನದ ಅಪರಾಧಕ್ಕಾಗಿ ಸೆರೆವಾಸದ ಶಿಕ್ಷೆ ಅನುಭವಿಸಿದವನು ಅದು ಮುಗಿದ ಮೇಲೂ ಐದು ವರ್ಷ ಬಂದೂಕನ್ನು ಹೊಂದುವಂತಿಲ್ಲ; ಶಾಂತಿಪಾಲನೆಗೆ ಮುಚ್ಚಳಿಕೆ ಬರೆದುಕೊಟ್ಟವನು ಅದರ ಅವಧಿಯಲ್ಲಿ ಹೊಂದುವಂತಿಲ್ಲ. 'ಯಾವುದೇ ಕಾರಣದಿಂದ ಅನರ್ಹ'ನೆಂದು ಕಂಡವನಿಗೆ ಪರವಾನಗಿ ನಿರಾಕರಿಸಲು 14ನೆಯ ಪ್ರಕರಣವೂ, ಕೊಟ್ಟುದನ್ನು ರದ್ದುಪಡಿಸಲು 17ನೆಯದೂ ಅಧಿಕಾರ ಕೊಡುತ್ತವೆ. ಆದರೆ ನಿಯತ ಕಾಲದಲ್ಲಿ ಠಾಣೆಯ ವರದಿ ಬಾರದಿದ್ದರೆ, ಅದಕ್ಕೆ ಕಾಯದೆ ಆಜ್ಞೆ ಹೊರಡಿಸಲು ಸಹ ಅವಕಾಶವಿದೆ! 1983ರಲ್ಲಿ ಈ ಅಧಿನಿಯಮಕ್ಕೆ ತಿದ್ದುಪಡಿಯಾಗಿ ಕನಿಷ್ಠ ವಯಸ್ಸು 16ರಿಂದ 21ಕ್ಕೆ ಏರಿತು. ಅದೇ ವರ್ಷದ ಡಿಸೆಂಬರಿನಲ್ಲಿ ಪತಿ ಮತ್ತು ಅವನ ಬಂಧುಗಳ ಕ್ರೌರ್ಯವನ್ನು ದಂಡಿಸುವ 498ಎ ಪ್ರಕರಣವು ದಂಡಸಂಹಿತೆಯಲ್ಲಿ ಸೇರಿತು. ಒಂದೇ ಸಂಸತ್ತು, ಒಂದೇ ವರ್ಷ; ಎರಡು ತಿದ್ದುಪಡಿಗಳೂ ಪರಸ್ಪರರ ಮುಖವನ್ನು ನೋಡಲಿಲ್ಲ.

ಪರಿಣಾಮವನ್ನು ನೋಡಿರಿ. 2005ರ ಅಧಿನಿಯಮದಡಿಯಲ್ಲಿ ಪತ್ನಿಯು ಪಡೆಯುವ ಸಂರಕ್ಷಣಾ ಆದೇಶವು ಶಿಕ್ಷೆಯೂ ಅಲ್ಲ, ಮುಚ್ಚಳಿಕೆಯೂ ಅಲ್ಲ. ಆದುದರಿಂದ ಆ ಆದೇಶಕ್ಕೊಳಗಾದ ಪತಿಯ ಪರವಾನಗಿ ತಾನಾಗಿ ಬೀಳುವುದಿಲ್ಲ. ಅದನ್ನು ಯಾರಾದರೂ ಪರವಾನಗಿ ಪ್ರಾಧಿಕಾರದ ಗಮನಕ್ಕೆ ತರಬೇಕು.

ಇದರಲ್ಲಿ ಅಮೆರಿಕವು, ಬಂದೂಕುಗಳ ದೇಶವೆಂದು ನಾವು ಹೀಗಳೆಯುವ ಅಮೆರಿಕವೇ, ಒಂದು ಹೆಜ್ಜೆ ಮುಂದಿದೆ. ಅಂಗಡಿಯಲ್ಲಿ ಬಂದೂಕು ಕೊಳ್ಳುವವನ ಪೂರ್ವವೃತ್ತಾಂತವನ್ನು ಪರೀಕ್ಷಿಸಬೇಕೆಂಬ ಬ್ರೇಡಿ ಕಾಯಿದೆ 1993ರಲ್ಲಿ ಬಂದಿತು. ಸಂರಕ್ಷಣಾ ಆದೇಶಕ್ಕೊಳಗಾದವನು ಬಂದೂಕು ಹೊಂದಕೂಡದೆಂದು 1994ರಲ್ಲಿ, ಕೌಟುಂಬಿಕ ಹಿಂಸೆಯ ಸಣ್ಣ ಅಪರಾಧಕ್ಕೆ ಗುರಿಯಾದವನೂ ಹೊಂದಕೂಡದೆಂದು 1996ರಲ್ಲಿ ವಿಧಿಸಲಾಯಿತು. ಈ ಎರಡನೆಯ ವಿಧಿಯಿಂದ ಪೊಲೀಸನಿಗೂ ಸೈನಿಕನಿಗೂ ವಿನಾಯಿತಿಯಿಲ್ಲ. 1994ರ ವಿಧಿಯನ್ನು ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ರಹಿಮಿ ಮೊಕದ್ದಮೆಯಲ್ಲಿ 2024ರ ಜೂನ್ 21ರಂದು ಎಂಟು ನ್ಯಾಯಾಧೀಶರ ಬಹುಮತದಿಂದ, ಒಬ್ಬರ ಭಿನ್ನಮತದೊಡನೆ, ಎತ್ತಿಹಿಡಿಯಿತು. ಹಿಂಸಕ ಪತಿ ಅಥವಾ ಸಂಗಾತಿಯ ಕೈಗೆ ಬಂದೂಕು ಎಟುಕುವಂತಿದ್ದರೆ ಸ್ತ್ರೀಯ ಕೊಲೆಯ ಸಂಭವ ಸುಮಾರು ಐದು ಪಟ್ಟು ಹೆಚ್ಚೆಂದು ಜಾಕ್ವೆಲಿನ್ ಕ್ಯಾಂಪ್‌ಬೆಲ್ ಮತ್ತು ಅವರ ಸಹಸಂಶೋಧಕರು 2003ರಲ್ಲಿ ಪ್ರಕಟಿಸಿದ್ದರು.

ನಮ್ಮಲ್ಲಿ ಬಂದೂಕುಗಳೇ ವಿರಳ, ಬೆಂಕಿಯೂ ವಿಷವೂ ಬರಿಗೈಯೂ ಮಾಡುವ ಹಿಂಸೆಯೇ ಹೆಚ್ಚು ಎಂಬ ಆಕ್ಷೇಪ ಬರಬಹುದು. ಅದು ನಿಜ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ವಿವಾಹಿತೆಯರಾದ 18ರಿಂದ 49 ವಯಸ್ಸಿನವರಲ್ಲಿ ನೂರಕ್ಕೆ 44 ಮಂದಿ ಪತಿಯ ಹಿಂಸೆಯನ್ನು ಅನುಭವಿಸಿದವರು. ಅದರಲ್ಲಿ ಬಂದೂಕಿನ ಪಾಲು ಅತ್ಯಲ್ಪವೇ ಇದ್ದೀತು. ಪರವಾನಗಿಯಿಲ್ಲದ ನಾಡಬಂದೂಕನ್ನು ಯಾವ ವಿಚಾರಣೆಯೂ ತಡೆಯಲಾರದು. ಆದರೆ ಹೊಲಕ್ಕೆ ನುಗ್ಗುವ ಹಂದಿಗಳಿಗಾಗಿ ಪಡೆದ ಬಂದೂಕು ಗೋಡೆಯ ಮೊಳೆಯಲ್ಲಿ ತೂಗುತ್ತಿರುವಾಗ, ಜಗಳದ ಮಧ್ಯೆ ಪತಿಯು ಒಮ್ಮೆ ಅತ್ತ ಕಣ್ಣು ಹಾಯಿಸಿದರೂ ಸಾಕು. ಗುಂಡು ಹಾರುವುದಿಲ್ಲ, ಗಾಯವಾಗುವುದಿಲ್ಲ, ದೂರು ದಾಖಲಾಗುವುದಿಲ್ಲ. ಪೂರ್ವವೃತ್ತಾಂತದ ಕಾಗದವು ಸ್ವಚ್ಛವಾಗಿಯೇ ಉಳಿಯುತ್ತದೆ.

ಚುನಾವಣೆ ಘೋಷಣೆಯಾದೊಡನೆ ಪರವಾನಗಿದಾರರು ತಮ್ಮ ಬಂದೂಕುಗಳನ್ನು ಠಾಣೆಯಲ್ಲಿ ಠೇವಣಿಯಿಡಬೇಕೆಂದು ಜಿಲ್ಲಾ ದಂಡಾಧಿಕಾರಿಗಳು ಆಜ್ಞಾಪಿಸುವುದನ್ನು ವಾಚಕರು ಬಲ್ಲರು. ಮತಪೆಟ್ಟಿಗೆಯ ಶಾಂತಿಗಾಗಿ ವಾರಗಟ್ಟಲೆ ಗೋಡೆಯಿಂದಿಳಿಯುವ ಬಂದೂಕು, ಅಡಿಗೆಮನೆಯ ಶಾಂತಿಗಾಗಿ ಇಳಿಯಲು ಏಕೆ ಕಷ್ಟ?

ಶ್ರಾವಕಾಚಾರವನ್ನು ಬಲ್ಲವರಿಗೆ ಈ ವಿಚಾರ ಹೊಸದೇನಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಐದು ಅನರ್ಥದಂಡಗಳನ್ನು ಹೇಳುವಾಗ 'ಹಿಂಸಾದಾನ'ವನ್ನು ಬೇರೆಯಾಗಿ ಎಣಿಸಿದ್ದಾರೆ. ಖಡ್ಗ, ಕೊಡಲಿ, ಅಗ್ನಿ ಮೊದಲಾದ ವಧೋಪಕರಣಗಳನ್ನು ಇನ್ನೊಬ್ಬನಿಗೆ ಕೊಡುವುದೇ ಅಲ್ಲಿ ದೋಷ. ಅವನು ಅದರಿಂದ ಏನು ಮಾಡಿದನೆಂಬುದು ಅನಂತರದ ಪ್ರಶ್ನೆ. ಕೊಡುವವನಿಗೂ ಹೊಣೆಯುಂಟೆಂಬ ಈ ತತ್ತ್ವವೇ ಪೂರ್ವವೃತ್ತಾಂತದ ವಿಚಾರಣೆಗೂ ಮೂಲ. ಬೀದರದಲ್ಲಿ ಕುಳಿತು ಪರವಾನಗಿಗೆ ಸಹಿ ಹಾಕುವ ಅಧಿಕಾರಿಯು ಸಮಾಜದ ಪರವಾಗಿ ಕೊಡುವವನು.

ಇನ್ನು ಕಾರ್ಯವಿಧಾನ. ಕರ್ನಾಟಕದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ಬಸವಕಲ್ಯಾಣ, ಹುಮನಾಬಾದುಗಳ ಮಹಿಳೆಯರು ಬೀದರದವರೆಗೆ ಹೋಗಬೇಕಾಗಿಲ್ಲ. ದೂರು ಬಂದಾಗ ಆ ಅಧಿಕಾರಿಯು ಕೌಟುಂಬಿಕ ಘಟನಾ ವರದಿಯನ್ನು ಸಿದ್ಧಪಡಿಸಿ ದಂಡಾಧಿಕಾರಿಗೆ ಸಲ್ಲಿಸಬೇಕು. ಅದರ ಪ್ರತಿಯನ್ನು, 9ನೆಯ ಪ್ರಕರಣದಂತೆ, ಆ ಪ್ರದೇಶದ ಠಾಣಾಧಿಕಾರಿಗೆ ಕಳುಹಿಸಬೇಕು. ಬಂದೂಕಿನ ಅರ್ಜಿದಾರನ ಕುರಿತು ಪ್ರಾಧಿಕಾರವು ವರದಿ ಕೇಳುವುದೂ ಸಾಮಾನ್ಯವಾಗಿ ಅದೇ ಠಾಣೆಯನ್ನು. ಎರಡು ಕಾಗದಗಳೂ ಒಂದೇ ಮೇಜಿಗೆ ಬರುತ್ತವೆ. ಅವನ್ನು ಕೂಡಿಸಿ ಓದಬೇಕೆಂದು ಎರಡು ಅಧಿನಿಯಮಗಳಲ್ಲಿ ಯಾವುದೂ ಹೇಳಿಲ್ಲ. ಓದಬಾರದೆಂದೂ ಹೇಳಿಲ್ಲ. ಘಟನಾ ವರದಿಯಲ್ಲಿ ಮನೆಯೊಳಗೆ ಬಂದೂಕು ಇದೆಯೆಂಬ ಒಂದು ಸಾಲನ್ನು ಪೀಡಿತಳು ಬರೆಸಿದರೆ, 10ನೆಯ ನಿಯಮದ ಲಿಖಿತ ನಿರ್ದೇಶನಕ್ಕೆ ದಂಡಾಧಿಕಾರಿಯ ಮುಂದೆ ಆಧಾರ ದೊರೆಯುತ್ತದೆ. ಪರವಾನಗಿಯ ವಿಷಯವನ್ನು ಬೀದರಕ್ಕೆ ಬರೆಯಲು ಠಾಣಾಧಿಕಾರಿಗೂ ಕಾರಣ ಸಿಗುತ್ತದೆ.