ಪುಣೆಯಿಂದ ಹೆಗ್ಗೋಡಿಗೆ ಹೋದ ಚಿತ್ರಗಳು

ವಿಮಾನ ನಗರದಲ್ಲಿ ನೆಲೆಸಿರುವ ನಮ್ಮಂಥ ಕನ್ನಡ ಕುಟುಂಬಗಳಿಗೆ ಸಿನಿಮಾ ಎಂದರೆ ಮಾಲ್‌ನೊಳಗಿನ ಥಿಯೇಟರು, ಇಲ್ಲವೇ ಕೈಯಲ್ಲಿರುವ ಮೊಬೈಲು. ಆಸ್ಕರ್ ಪ್ರಶಸ್ತಿಗೆ ನಾಮನಿರ್ದೇಶನಗೊಂಡ ಚಿತ್ರಗಳ ಪಟ್ಟಿ ಹೊರಬಿದ್ದಾಗ ನಾಲ್ಕು ದಿನ ಆ ಹೆಸರುಗಳು ನಮ್ಮ ಮಕ್ಕಳ ಬಾಯಲ್ಲಿರುತ್ತವೆ, ಆಮೇಲೆ ಮರೆತುಹೋಗುತ್ತವೆ. ಆದರೆ ಅಂಥ ಪಟ್ಟಿಗಳಲ್ಲಿ ಒಮ್ಮೆ ಮೆರೆದ ಹಳೆಯ ಚಿತ್ರಗಳನ್ನು ಹುಡುಕಿ ತಂದು, ಹತ್ತು ಜನರನ್ನು ಕೂಡಿಸಿ, ಸಾಲಾಗಿ ತೋರಿಸುವ ಕೆಲಸಕ್ಕೆ ನಮ್ಮ ದೇಶದಲ್ಲಿ ಒಂದು ಇತಿಹಾಸವಿದೆ. ಆ ಇತಿಹಾಸದ ಒಂದು ಅಧ್ಯಾಯ ನಡೆದದ್ದು ನಾವಿರುವ ಪುಣೆಯಲ್ಲಿ, ಇನ್ನೊಂದು ನಮ್ಮ ಮಲೆನಾಡಿನ ಹೆಗ್ಗೋಡಿನಲ್ಲಿ.

ಪ್ರಶಸ್ತಿಯೊಂದೇ ಚಿತ್ರದ ಆಯುಷ್ಯವನ್ನು ಹೆಚ್ಚಿಸುವುದಿಲ್ಲ. 1941ರ 'ಸಿಟಿಜನ್ ಕೇನ್' ಒಂಬತ್ತು ವಿಭಾಗಗಳಲ್ಲಿ ನಾಮನಿರ್ದೇಶನ ಪಡೆದರೂ ಗೆದ್ದದ್ದು ಒಂದೇ ಆಸ್ಕರ್. ಚಾಪ್ಲಿನ್ನನ 'ದಿ ಗ್ರೇಟ್ ಡಿಕ್ಟೇಟರ್' ಐದರಲ್ಲಿ ಹೆಸರು ಪಡೆದು ಬರಿಗೈಯಲ್ಲಿ ಮರಳಿತು. ನಮ್ಮ 'ಮದರ್ ಇಂಡಿಯಾ' 1958ರಲ್ಲಿ ಅಂತಿಮ ಪಟ್ಟಿಯವರೆಗೆ ಹೋಗಿ ನಿಂತಿತು. ಆದರೂ ಈ ಚಿತ್ರಗಳು ಇಂದಿಗೂ ಬದುಕಿವೆ. ಮತ್ತೆ ಮತ್ತೆ ತೋರಿಸುವವರು, ನೋಡುವವರು ಇದ್ದದ್ದರಿಂದ ಬದುಕಿವೆ.

ನಮ್ಮಲ್ಲಿ ಈ ತೋರಿಸುವ ಕೆಲಸವನ್ನು ವ್ರತದಂತೆ ಹಿಡಿದವು ಫಿಲ್ಮ್ ಸೊಸೈಟಿಗಳು. 1947ರಲ್ಲಿ ಸತ್ಯಜಿತ್ ರಾಯ್, ಚಿದಾನಂದ ದಾಸಗುಪ್ತ ಮೊದಲಾದವರು ಕಲಕತ್ತಾ ಫಿಲ್ಮ್ ಸೊಸೈಟಿಯನ್ನು ಕಟ್ಟಿದರು. 1952ರಲ್ಲಿ ಮುಂಬಯಿಯಲ್ಲಿ ಆರಂಭವಾದ ದೇಶದ ಮೊದಲ ಅಂತರರಾಷ್ಟ್ರೀಯ ಚಿತ್ರೋತ್ಸವ 'ಬೈಸಿಕಲ್ ಥೀವ್ಸ್', 'ರಾಶೊಮನ್' ಮೊದಲಾದ ಚಿತ್ರಗಳನ್ನು ನಮ್ಮವರಿಗೆ ತೋರಿಸಿತು. 1959ರಲ್ಲಿ ಸೊಸೈಟಿಗಳ ಒಕ್ಕೂಟವೂ ರೂಪುಗೊಂಡಿತು. ಬೆಂಗಳೂರಿನಲ್ಲಿ 1971ರಲ್ಲಿ ಸುಚಿತ್ರಾ ಫಿಲ್ಮ್ ಸೊಸೈಟಿ ಹುಟ್ಟಿತು. ಆದರೆ ಉತ್ಸಾಹವಿದ್ದರೆ ಸಾಲದು, ತೋರಿಸಲು ಪ್ರಿಂಟು ಬೇಕಲ್ಲ! ಆ ಪ್ರಿಂಟು ಎಲ್ಲಿಂದ ಬರಬೇಕು?

ಈ ಪ್ರಶ್ನೆಗೆ ಉತ್ತರ ದೊರೆತದ್ದು ಪುಣೆಯಲ್ಲಿ. 1933ರಲ್ಲಿ ಕೊಲ್ಹಾಪುರದಿಂದ ಇಲ್ಲಿಗೆ ಬಂದ ಪ್ರಭಾತ್ ಕಂಪನಿಯ 'ಸಂತ ತುಕಾರಾಂ' ವೆನಿಸ್ ಚಿತ್ರೋತ್ಸವದಲ್ಲಿ ಮನ್ನಣೆ ಪಡೆದದ್ದು ಪುಣೆಯವರು ಹೆಮ್ಮೆಯಿಂದ ಹೇಳುವ ಮಾತು. ಪ್ರಭಾತ್ ಮುಚ್ಚಿದ ಮೇಲೆ ಅದೇ ಸ್ಟುಡಿಯೋ ಆವರಣದಲ್ಲಿ 1960ರಲ್ಲಿ ಫಿಲ್ಮ್ ಇನ್‌ಸ್ಟಿಟ್ಯೂಟ್ ತೆರೆಯಿತು. 1964ರಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾಯಿತು. ಅದನ್ನು ಬೆಳೆಸಿದವರು ತಿರುವನಂತಪುರದ ಪಿ. ಕೆ. ನಾಯರ್. ಎಲ್ಲಿ ಹಳೆಯ ರೀಲು ಇದೆಯೆಂದು ಕೇಳಿದರೂ ಹೋಗಿ ತರುವವರು ಅವರು. ಫಾಲ್ಕೆಯವರ 'ರಾಜಾ ಹರಿಶ್ಚಂದ್ರ'ದ ಉಳಿದ ಭಾಗವನ್ನು ನಾವಿಂದು ನೋಡಬಹುದಾದರೆ ಆ ಪುಣ್ಯ ಅವರದು. ಸಂಗ್ರಹಿಸಿ ಬೀಗ ಹಾಕಿಡುವ ಸ್ವಭಾವವೂ ಅವರದಲ್ಲ. ಸಂಗ್ರಹಾಲಯದ 16 ಮಿ.ಮೀ. ಪ್ರಿಂಟುಗಳು ಎರವಲಾಗಿ ದೇಶದ ಫಿಲ್ಮ್ ಸೊಸೈಟಿಗಳಿಗೆ ಹೋಗುತ್ತಿದ್ದವು. 16 ಮಿ.ಮೀ.ನ ಪ್ರೊಜೆಕ್ಟರು ಹಗುರ, ಎತ್ತಿಕೊಂಡು ಹೋಗಲು ಸುಲಭ. ಥಿಯೇಟರೇ ಇಲ್ಲದ ಊರಿನಲ್ಲೂ ಒಂದು ಪರದೆ ಕಟ್ಟಿ ಚಿತ್ರ ತೋರಿಸಬಹುದಾಗಿತ್ತು.

ಅಂಥ ಊರೇ ಸಾಗರ ತಾಲ್ಲೂಕಿನ ಹೆಗ್ಗೋಡು. ಅಡಕೆ ತೋಟಗಳ ನಡುವಿನ ಆ ಹಳ್ಳಿಯಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ ಮೊದಲು ನಾಟಕದ ಸಂಘ. 1973ರಲ್ಲಿ ಕೆ. ವಿ. ಸುಬ್ಬಣ್ಣನವರು ಅಲ್ಲಿ ಚಿತ್ರಸಮಾಜವನ್ನು ಆರಂಭಿಸಿದರು. ಜಗತ್ತಿನ ಶ್ರೇಷ್ಠ ಚಿತ್ರಗಳು ಹಳ್ಳಿಯವರಿಗೆ ಅರ್ಥವಾಗುವುದಿಲ್ಲ ಎಂಬುದು ಪಟ್ಟಣದ ಹಲವರ ಖಚಿತ ಅಭಿಪ್ರಾಯ. ಸುಬ್ಬಣ್ಣನವರು ಅದನ್ನು ಒಪ್ಪಲಿಲ್ಲ. ಪುಣೆಯಿಂದ ಪ್ರಿಂಟುಗಳು ಬಂದವು. ಚಿತ್ರ ನೋಡುವುದನ್ನು ಕಲಿಸುವ ಶಿಬಿರಗಳಿಗೆ ನಾಯರ್ ಅವರೂ ಫಿಲ್ಮ್ ಇನ್‌ಸ್ಟಿಟ್ಯೂಟಿನ ಪ್ರಾಧ್ಯಾಪಕ ಸತೀಶ್ ಬಹದ್ದೂರ್ ಅವರೂ ಬಂದರು. 'ಪಥೇರ್ ಪಾಂಚಾಲಿ', 'ರಾಶೊಮನ್', 'ಬೈಸಿಕಲ್ ಥೀವ್ಸ್' ಮೊದಲಾದವನ್ನು ರೈತರೂ ಮೇಷ್ಟ್ರುಗಳೂ ಕುಳಿತು ನೋಡಿದರು, ಚರ್ಚಿಸಿದರು. ಹೊಟ್ಟೆಪಾಡಿನ ಸೈಕಲ್ಲು ಕಳವಾದಾಗ ಬಡವನಿಗೆ ಆಗುವ ಸಂಕಟ ತಿಳಿಯಲು ಇಟಾಲಿಯನ್ ಭಾಷೆ ಬರಬೇಕೆ? 1983ರಿಂದ 85ರವರೆಗೆ 'ಜನಸ್ಪಂದನ' ಯೋಜನೆಯಲ್ಲಿ ಈ ಪ್ರಯತ್ನ ಕರ್ನಾಟಕದ ಬೇರೆ ಹಳ್ಳಿಗಳಿಗೂ ಹಬ್ಬಿತು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂದಿತು. 2012ರ 'ಸೆಲ್ಯುಲಾಯ್ಡ್ ಮ್ಯಾನ್' ಎಂಬ ಸಾಕ್ಷ್ಯಚಿತ್ರ ನಾಯರ್ ಅವರ ಜೀವನವನ್ನು ಹೇಳುತ್ತ ಹೆಗ್ಗೋಡಿಗೂ ಹೋಗಿಬರುತ್ತದೆ.

ಕೊಡುಕೊಳ್ಳುವಿಕೆ ಒಂದೇ ದಿಕ್ಕಿನದಾಗಿರಲಿಲ್ಲ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ 1974-75ರಲ್ಲಿ ನಿರ್ದೇಶಕರಾಗಿದ್ದವರು ಗಿರೀಶ್ ಕಾರ್ನಾಡರು. ಅದೇ ಕಾಲಕ್ಕೆ ಅಲ್ಲಿ ವಿದ್ಯಾರ್ಥಿಯಾಗಿದ್ದವರು ತೀರ್ಥಹಳ್ಳಿ ತಾಲ್ಲೂಕಿನ ಗಿರೀಶ ಕಾಸರವಳ್ಳಿ. ಅವರು ಊರಿಗೆ ಮರಳಿ ಅನಂತಮೂರ್ತಿಯವರ ಕಥೆಯನ್ನು ಆಧರಿಸಿ ಮಾಡಿದ 'ಘಟಶ್ರಾದ್ಧ' 1977ರ ಸ್ವರ್ಣಕಮಲವನ್ನು ಕನ್ನಡಕ್ಕೆ ತಂದಿತು.

ಇಲ್ಲಿ ಒಂದು ನೋವಿನ ಸಂಗತಿಯನ್ನೂ ಹೇಳಬೇಕು. ಹಿಂದಿನ ಕಾಲದ ಫಿಲ್ಮು ನೈಟ್ರೇಟಿನದು. ಸೆಲ್ಯುಲೋಸಿಗೆ ನೈಟ್ರಿಕ್ ಆಮ್ಲ ಸೇರಿಸಿ ಮಾಡುವ ಈ ವಸ್ತುವಿಗೆ ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇರುತ್ತದೆ. ಹೊತ್ತಿಕೊಂಡರೆ ನೀರು ಹಾಕಿದರೂ ಆರುವುದಿಲ್ಲ. ಹೊತ್ತಿಕೊಳ್ಳದಿದ್ದರೂ ಸೆಕೆಗೆ ತಾನಾಗಿಯೇ ಕೊಳೆತು ಪುಡಿಯಾಗುತ್ತದೆ. 2003ರಲ್ಲಿ ಪುಣೆಯ ಉಗ್ರಾಣಕ್ಕೇ ಬೆಂಕಿ ಬಿದ್ದು ಅಪಾರ ನೈಟ್ರೇಟ್ ಫಿಲ್ಮು ನಾಶವಾಯಿತು. ನಮ್ಮ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ತಯಾರಾದದ್ದು ಇದೇ ಮಹಾರಾಷ್ಟ್ರದ ಕೊಲ್ಹಾಪುರದಲ್ಲಿ. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡ ಆ ಚಿತ್ರದ ಪ್ರಿಂಟು ಇಂದು ಇಲ್ಲ. ಸುಬ್ಬಯ್ಯ ನಾಯ್ಡು, ತ್ರಿಪುರಾಂಬ, ನಾಗೇಂದ್ರರಾಯರು ಬೆಳ್ಳಿತೆರೆಯ ಮೇಲೆ ಮೊದಲ ಬಾರಿಗೆ ಆಡಿದ ಕನ್ನಡವನ್ನು ನಾವಾರೂ ಇನ್ನು ಕೇಳಲಾರೆವು.

ಇದಕ್ಕೆ ಎದುರಾಗಿ 'ಘಟಶ್ರಾದ್ಧ'ವನ್ನು ಇಟ್ಟು ನೋಡೋಣ. ಅದರ ಮೂಲ ನೆಗೆಟಿವ್ ಪುಣೆಯ ಸಂಗ್ರಹಾಲಯದಲ್ಲಿ ಉಳಿದಿತ್ತು. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮೊದಲಾದವರ ಶ್ರಮದಿಂದ ಅದು ಹೊಸ ರೂಪ ಪಡೆದು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. ಒಂದು ಕನ್ನಡ ಚಿತ್ರ ಕಣ್ಮರೆಯಾಯಿತು, ಇನ್ನೊಂದು ಲೋಕದ ಮುಂದೆ ನಿಂತಿತು. ಒಂದನ್ನು ಯಾರೂ ಕಾಪಾಡಲಿಲ್ಲ, ಇನ್ನೊಂದನ್ನು ನಮ್ಮ ನೆರೆಯಲ್ಲೇ ಕಾಪಾಡಿದರು. ವ್ಯತ್ಯಾಸ ಇಷ್ಟೇ.

ನಾಯರ್ 2016ರಲ್ಲಿ ಪುಣೆಯಲ್ಲೇ ತೀರಿಕೊಂಡರು. ಸಂಗ್ರಹಾಲಯವನ್ನು 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದೊಡನೆ ಸೇರಿಸಲಾಯಿತು. ಆಡಳಿತ ಯಾರದೇ ಇರಲಿ, ಡಬ್ಬಿಗಳಲ್ಲಿರುವುದು ನಮ್ಮ ಭಾಷೆಯ ಆಸ್ತಿಯೂ ಹೌದು. ಲಾ ಕಾಲೇಜು ರಸ್ತೆ ವಿಮಾನ ನಗರಕ್ಕೆ ಊರಿನ ಇನ್ನೊಂದು ಮಗ್ಗುಲು, ನಿಜ. ಆದರೆ ಪುಣೆಯಿಂದ ಹೆಗ್ಗೋಡಿಗೆ ಆ ಚಿತ್ರಗಳು ಪಯಣಿಸಿದ ದೂರವನ್ನು ನೆನೆದರೆ ಅದೇನು ಮಹಾ! ನಮ್ಮ ಸಂಘದ ಸಭೆಗಳಲ್ಲಿ ಊಟ-ಹಾಡುಗಳ ಜೊತೆಗೆ ವರ್ಷಕ್ಕೆ ನಾಲ್ಕು ಹಳೆಯ ಚಿತ್ರಗಳಿಗೂ ಜಾಗ ಸಿಗಲಿ. ಅವುಗಳಲ್ಲಿ ಎರಡು ಕನ್ನಡದವಾಗಿರಲಿ. ನೋಡಿದ ಮೇಲೆ ಮಕ್ಕಳು ಪ್ರಶ್ನೆ ಕೇಳಲಿ, ಹಿರಿಯರು ಉತ್ತರ ಹುಡುಕಲಿ. ನೋಡುವವರಿದ್ದರೆ ಮಾತ್ರ ಕಾಪಾಡುವವರಿಗೂ ಹುಮ್ಮಸ್ಸು.