ವಿಕಿರಣಶೀಲ ಅಯೋಡಿನ್ ಚಿಕಿತ್ಸೆ ಮತ್ತು ಲಾಲಾಗ್ರಂಥಿಗಳು
ಥೈರಾಯ್ಡ್ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ಬಳಿಕ ಉಳಿದ ಕೋಶಗಳನ್ನು ನಾಶಪಡಿಸಲು ಅಯೋಡಿನ್-131 ಕೊಡುತ್ತಾರೆ. ಇದರ ಅರ್ಧಾಯುಷ್ಯ ಸುಮಾರು 8 ದಿನ. ಥೈರಾಯ್ಡ್‌ನಂತೆ ಲಾಲಾಗ್ರಂಥಿಗಳೂ ರಕ್ತದಿಂದ ಅಯೋಡಿನ್ ಹೀರುವುದರಿಂದ ವಿಕಿರಣದ ಪೆಟ್ಟು ಅವಕ್ಕೂ ತಗಲುತ್ತದೆ. ಕಿವಿಯ ಮುಂದಿನ ಪರೋಟಿಡ್ ಗ್ರಂಥಿ ಹೆಚ್ಚು ನಲುಗುತ್ತದೆ. ಊತ, ನೋವು, ರುಚಿಗೇಡು ಬೇಗ ಕಾಣಿಸುತ್ತವೆ; ಬಾಯಿ ಒಣಗುವುದು, ಹಲ್ಲು ಹುಳುಕಾಗುವುದು ತಿಂಗಳುಗಳ ನಂತರವೂ ಬರಬಹುದು.

ಪ್ರಮಾಣ ಏರಿದಂತೆ ಹಾನಿಯೂ ಏರುವುದರಿಂದ, 30 ಮಿಲಿಕ್ಯೂರಿ ಸಾಕಾಗುವ ರೋಗಿಗೆ 100 ಕೊಡುವುದು ಸರಿಯಲ್ಲ. ಕಡಿಮೆ ಕೊಟ್ಟರೆ ಕ್ಯಾನ್ಸರ್ ಮರುಕಳಿಸೀತೆಂಬ ಆಕ್ಷೇಪ ಸಹಜವೇ. ಆದರೆ 2012ರಲ್ಲಿ ಪ್ರಕಟವಾದ ಬ್ರಿಟಿಷ್ ಮತ್ತು ಫ್ರೆಂಚ್ ಪ್ರಯೋಗಗಳಲ್ಲಿ, ಕಡಿಮೆ ಅಪಾಯದ ರೋಗಿಗಳಿಗೆ ಎರಡೂ ಪ್ರಮಾಣಗಳು ಸಮಾನ ಫಲ ನೀಡಿದವು. ರೋಗ ಹರಡಿದವರಿಗೆ ಮಾತ್ರ ಹೆಚ್ಚಿನ ಪ್ರಮಾಣ ಸಮರ್ಥನೀಯ.