ಬೇಟೆ ನಿಂತ ಮೇಲೆ ಮುಧೋಳದ ನಾಯಿ

ಬೇಟೆಯ ನಾಯಿಯನ್ನು ಆರಿಸುವವರು ಮೊದಲು ನೆಲವನ್ನು ನೋಡುತ್ತಿದ್ದರು. ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿಗಳ ಸುತ್ತಲಿನ ಬಯಲು ಹೊಲದಲ್ಲಿ ಎದ್ದ ಮೊಲ ಬಹುದೂರ ಕಾಣಿಸುತ್ತದೆ. ಇಲ್ಲಿ ಬೇಕಾದುದು ವಾಸನೆ ಹಿಡಿದು ಹೋಗುವ ನಾಯಿಯಲ್ಲ, ಕಣ್ಣಿಗೆ ಕಂಡುದನ್ನು ಓಡಿ ಹಿಡಿಯುವ ನಾಯಿ. ನೀಳವಾದ ಮೋರೆ, ಆಳವಾದ ಎದೆ, ಒಳಸರಿದ ಹೊಟ್ಟೆ, ಉದ್ದನೆಯ ಕಾಲು, ಇವೆಲ್ಲ ಓಟಕ್ಕಾಗಿಯೇ ಉಳಿದು ಬಂದ ಲಕ್ಷಣಗಳು.

ಈ ತಳಿಯನ್ನು ಹಳ್ಳಿಯ ಬೇಟೆಗಾರರು ಸಾಕಿಕೊಂಡು ಬಂದಿದ್ದರು. ಮುಧೋಳ ಸಂಸ್ಥಾನದ ರಾಜಾ ಮಾಲೋಜಿರಾವ್ ಘೋರ್ಪಡೆಯವರು ಅವುಗಳಲ್ಲಿ ಉತ್ತಮವಾದುವನ್ನು ಆರಿಸಿ ಬೆಳೆಸಿದರು. ಒಂದು ಜೊತೆಯನ್ನು ಐದನೆಯ ಜಾರ್ಜ್ ದೊರೆಗೆ ಕಾಣಿಕೆಯಾಗಿ ಕೊಟ್ಟರೆಂದು ಪ್ರತೀತಿ. ಊರಿನ ಹೆಸರೇ ನಾಯಿಗೆ ನಿಂತಿತು. 1948ರಲ್ಲಿ ಸಂಸ್ಥಾನ ವಿಲೀನವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮುಂದೆ ಬೇಟೆಯೂ ನಿಂತಿತು. ನಾಯಿಗೆ ರಾಜಾಶ್ರಯವೂ ಹೋಯಿತು, ಕಸುಬೂ ಹೋಯಿತು.

ಆದರೂ ತಳಿ ಅಳಿಯಲಿಲ್ಲ. ಮುಧೋಳದ ಬಳಿ ತಿಮ್ಮಾಪುರದಲ್ಲಿ ಅದರ ಸಂಶೋಧನಾ ಕೇಂದ್ರವಿದೆ. 2005ರಲ್ಲಿ ಅದರ ಚಿತ್ರವುಳ್ಳ ಅಂಚೆಚೀಟಿ ಹೊರಟಿತು. 2016ರಲ್ಲಿ ಸೇನೆಯವರು ಮೀರತ್ತಿಗೆ ಮರಿಗಳನ್ನು ಒಯ್ದು ತರಬೇತಿಗೆ ತೊಡಗಿದರು. 2020ರ ಆಗಸ್ಟ್ 30ರಂದು ಪ್ರಧಾನಿಗಳ ಬಾನುಲಿ ಭಾಷಣದಲ್ಲಿಯೂ ಅದರ ಹೆಸರು ಕೇಳಿಬಂದಿತು.

ಹೆಸರು ಹಬ್ಬಿದಂತೆ ಕೊಳ್ಳುವವರೂ ಹೆಚ್ಚುತ್ತಾರೆ. ತಾವೂ ಮರಿ ತರುವ ಯೋಚನೆಯಲ್ಲಿದ್ದರೆ ಬಣ್ಣಕ್ಕೆ ಮರುಳಾಗಬೇಡಿ. ಅದರ ತಾಯಿತಂದೆಗಳನ್ನು ನೋಡಿ, ಅವು ಓಡುವುದನ್ನು ನೋಡಿ. ಓಟವನ್ನು ಲೆಕ್ಕಿಸದೆ ಚೆಲುವಿಗಾಗಿಯೇ ಆರಿಸುತ್ತ ಹೋದರೆ, ನಾಲ್ಕಾರು ಪೀಳಿಗೆಗಳಲ್ಲಿ ಹೆಸರು ಮಾತ್ರ ಉಳಿದೀತು. ದಿನವೂ ಬಿಟ್ಟು ಓಡಿಸಲು ಬಯಲಿಲ್ಲದವರು ಬೇರೆ ನಾಯಿಯನ್ನು ಸಾಕುವುದೇ ಲೇಸು.